ಗೊರಸಿನಡಿಯ ಬಿಲಗಳು: ಹೆಸರಘಟ್ಟದ ಬಯಲಿನಲ್ಲಿ ದನ ಮತ್ತು ಇಲಿಗಳ ನಂಟು

ಬೆಂಗಳೂರು: ಪೀಣ್ಯದ ಕಾರ್ಖಾನೆಗಳ ಸಾಲನ್ನು ದಾಟಿ ವಾಯವ್ಯಕ್ಕೆ ಸಾಗಿದರೆ ಹೆಸರಘಟ್ಟದ ಹುಲ್ಲುಗಾವಲು ಎದುರಾಗುತ್ತದೆ. ರಾಜಧಾನಿಗೆ ನೀರೊದಗಿಸಲೆಂದು 1894ರಲ್ಲಿ ಅರ್ಕಾವತಿಗೆ ಕಟ್ಟಿದ ಜಲಾಶಯದ ಆಸುಪಾಸಿನ ಈ ಬಯಲು ಸುತ್ತಲ ಹಳ್ಳಿಗಳ ದನಕರುಗಳಿಗೆ ಮೇವಿನ ನೆಲೆ. ಇಂತಹ ಬಯಲುಗಳ ಮಣ್ಣಿನಡಿ ಬಿಲ ತೋಡಿ ಬದುಕುವ ಕಾಡಿಲಿಗಳಿಗೆ ದನಗಳ ಮೇಯುವಿಕೆ ಹಿತವೋ, ಅಹಿತವೋ ಎಂಬ ಪ್ರಶ್ನೆಗೆ ಉತ್ತರ ಸರಳವಾಗಿಲ್ಲ.

ದಖ್ಖನಿನ ಒಣ ಬಯಲುಗಳಲ್ಲಿ ಪ್ರಮುಖವಾದುದು ಜೆರ್ಬಿಲ್. ದೊಡ್ಡ ಕಣ್ಣು, ಉದ್ದನೆಯ ಹಿಂಗಾಲು, ಬಾಲದ ತುದಿಯಲ್ಲಿ ಕಪ್ಪು ಕುಚ್ಚು ಇರುವ ಈ ನಿಶಾಚರ ಪ್ರಾಣಿ ಹಲವು ಬಾಯಿಗಳುಳ್ಳ ಬಿಲದಲ್ಲಿ ವಾಸಿಸುತ್ತದೆ. ಬೀಜ, ಬೇರು, ಕೀಟಗಳು ಇದರ ಆಹಾರ.

ದನಗಳು ಹುಲ್ಲನ್ನು ತೆನೆ ಕಟ್ಟುವ ಮೊದಲೇ ಮೇದುಬಿಟ್ಟರೆ ಬೀಜದ ದಾಸ್ತಾನು ಕುಗ್ಗುತ್ತದೆ. ಮರೆ ಇಲ್ಲದೆ ಇಲಿಗಳು ಗೂಬೆ, ನರಿಗಳ ಕಣ್ಣಿಗೆ ಸುಲಭವಾಗಿ ಬೀಳುತ್ತವೆ. ಗೊರಸಿನ ತುಳಿತಕ್ಕೆ ಆಳವಿಲ್ಲದ ಬಿಲಗಳು ಕುಸಿಯುತ್ತವೆ, ಮಣ್ಣು ಗಟ್ಟಿಯಾಗುತ್ತದೆ. ಕೀನ್ಯಾದ ಲೈಕಿಪಿಯಾ ಪ್ರದೇಶದಲ್ಲಿ ಮೇಯುವ ದೊಡ್ಡ ಪ್ರಾಣಿಗಳನ್ನು ಬೇಲಿ ಹಾಕಿ ಹೊರಗಿಟ್ಟಾಗ ಅಲ್ಲಿನ ಚೀಲಗೆನ್ನೆಯ ಇಲಿಗಳ ಸಾಂದ್ರತೆ ಇಮ್ಮಡಿಯಾದುದು 1990ರ ದಶಕದ ಅಧ್ಯಯನದಲ್ಲಿ ಕಂಡುಬಂದಿತು.

ಆದರೆ ಎಲ್ಲ ಜಾತಿಗಳಿಗೂ ಇದೇ ನಿಯಮ ಅನ್ವಯಿಸದು. ಒಳಮಂಗೋಲಿಯಾದ ಬ್ರಾಂಟ್ ವೋಲ್ ಎಂಬ ಬಿಲವಾಸಿಗೆ ಗಿಡ್ಡ ಹುಲ್ಲೇ ಪ್ರಿಯ. ಅತಿಯಾಗಿ ಮೇಯಿಸಿದಲ್ಲಿ ಅದರ ಸಂತತಿ ಹೆಚ್ಚುತ್ತದೆ. ತೆರೆದ ನೆಲವನ್ನು ಬಯಸುವ ಜಾತಿಗೆ ಮೇಯುವಿಕೆ ಅನುಕೂಲ, ದಟ್ಟ ಹುಲ್ಲನ್ನು ಆಶ್ರಯಿಸುವ ಜಾತಿಗೆ ಪ್ರತಿಕೂಲ.

ಮಳೆಯ ಪಾತ್ರವೂ ಕಡಿಮೆಯದಲ್ಲ. ಧಾರವಾಡ ಸೀಮೆಯ ಪ್ರಾಣಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದ ವಾಲ್ಟರ್ ಎಲಿಯಟ್, ಎರೆಭೂಮಿಯ ಬಿರುಕುಗಳಲ್ಲಿ ಬಾಳುವ 'ಮೆಟ್ಟಾಡೆ' ಇಲಿಯನ್ನು ವರ್ಣಿಸಿದ್ದಾನೆ. ಸಾಮಾನ್ಯ ವರ್ಷಗಳಲ್ಲಿ ಮುಂಗಾರಿನ ನೀರಿಗೆ ಸಿಕ್ಕಿ ಅನೇಕವು ಸಾಯುತ್ತಿದ್ದವು. 1826ರ ಬರಗಾಲದಲ್ಲಿ ಹಾಗಾಗದೆ ಅವು ಬಿತ್ತಿದ ಬೀಜವನ್ನೇ ತಿಂದು ಪಿಡುಗಾದವು. ವಡ್ಡರಿಗೆ ಧಾನ್ಯ ಕೊಟ್ಟು ಸಾವಿರಾರು ಇಲಿಗಳನ್ನು ಕೊಲ್ಲಿಸಿದರೂ ಸಂಖ್ಯೆ ತಗ್ಗಲಿಲ್ಲ.

ಹಾಗೆಂದು ಇಲಿ ಕೇವಲ ಶತ್ರುವಲ್ಲ. ಬಿಲ ತೋಡುವಾಗ ಮಣ್ಣು ಮಗುಚುತ್ತದೆ, ಮಳೆನೀರು ಇಂಗುತ್ತದೆ. ತೊರೆದ ಬಿಲಗಳು ಹಾವು, ಹಲ್ಲಿಗಳಿಗೆ ಮನೆಯಾಗುತ್ತವೆ. ಚಳಿಗಾಲದಲ್ಲಿ ಹೆಸರಘಟ್ಟಕ್ಕೆ ಬರುವ ಹ್ಯಾರಿಯರ್ ಹಕ್ಕಿಗಳ ಬೇಟೆಯಲ್ಲೂ ಇಲಿಗಳಿಗೆ ಪಾಲುಂಟು.

2021ರಲ್ಲಿ ತಿರಸ್ಕೃತವಾಗಿದ್ದ ಇಲ್ಲಿನ ಸಂರಕ್ಷಣಾ ಮೀಸಲು ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ಇದರ ವ್ಯಾಪ್ತಿ ಸುಮಾರು 5,678 ಎಕರೆ. ಮೇವು ಕೈತಪ್ಪೀತೆಂಬ ಹಳ್ಳಿಗರ ಆತಂಕ ಸಹಜವೇ. ಆದರೆ ದನಗಳನ್ನು ಪೂರ್ಣವಾಗಿ ಹೊರಗಿಟ್ಟರೆ ಪೊದೆಗಳು ಬೆಳೆದು ಹುಲ್ಲುಗಾವಲಿನ ಸ್ವರೂಪವೇ ಬದಲಾಗಬಹುದು. ಮಿತಿಮೀರಿ ಮೇಯಿಸಿದರೆ ನೆಲ ಬರಡಾದೀತು. ಹುಲ್ಲು ಬೀಜ ಉದುರಿಸುವವರೆಗೆ ಒಂದೊಂದು ಭಾಗಕ್ಕೆ ಸರದಿಯಂತೆ ಬಿಡುವು ಕೊಡುವುದು ದನಗಾಹಿಗೂ ಬಿಲವಾಸಿಗೂ ಒಪ್ಪುವ ದಾರಿ. ಕಟ್ಟಡಗಳು ಬಯಲನ್ನು ಆಕ್ರಮಿಸಿದರೆ ಇಬ್ಬರಿಗೂ ನೆಲೆಯಿಲ್ಲ.