ದಾರಿದ್ರ್ಯದ ಅಳತೆ ಮತ್ತು ಮನೆಯ ಮಕ್ಕಳು

ದಾರಿದ್ರ್ಯವೆಂಬುದು ಕಣ್ಣಿಗೆ ಕಾಣುವ ವಸ್ತುವೇ ಆಗಿದ್ದರೂ ಅದನ್ನು ಅಳೆಯುವುದು ಸುಲಭವಲ್ಲ. ಇಂತಹ ಕುಟುಂಬ ಬಡಕುಟುಂಬ, ಇಂತಹುದು ಅಲ್ಲ ಎಂದು ಹೇಳಬೇಕಾದರೆ ನಡುವೆ ಒಂದು ಗೆರೆಯನ್ನು ಎಳೆಯಬೇಕಾಗುತ್ತದೆ. ಆ ಗೆರೆಯನ್ನು ಎಳೆಯುವವರು ಯಾರು, ಯಾವ ಆಧಾರದ ಮೇಲೆ ಎಳೆಯುತ್ತಾರೆ, ಆ ಲೆಕ್ಕದಲ್ಲಿ ಮನೆಯ ಕೂಸಿನ ಪಾಲು ಎಷ್ಟು ಎಂಬ ಪ್ರಶ್ನೆಗಳಿಗೆ ಶಾಸ್ತ್ರೀಯವಾಗಿ ಉತ್ತರವನ್ನು ಅರಸಿದವರಲ್ಲಿ ಇಂಗ್ಲೆಂಡಿನ ಸೀಬೋಮ್ ರೌಂಟ್ರೀ ಅಗ್ರಗಣ್ಯನು.

ರೌಂಟ್ರೀ 1871ರಲ್ಲಿ ಯಾರ್ಕ್ ನಗರದಲ್ಲಿ ಜನಿಸಿದನು. ಮನೆತನದ ಉದ್ಯಮ ಕೋಕೋ ಮತ್ತು ಚಾಕೊಲೇಟಿನ ತಯಾರಿಕೆ. ಅವನು ಓದಿದ್ದು ರಸಾಯನಶಾಸ್ತ್ರ. ಅವನಿಗಿಂತ ಮೊದಲು ಚಾರ್ಲ್ಸ್ ಬೂತ್ ಎಂಬವನು ಲಂಡನ್ನಿನ ಜನರನ್ನು ಪರಿಶೀಲಿಸಿ ಶೇಕಡಾ 30.7ರಷ್ಟು ಮಂದಿ ಬಡತನದಲ್ಲಿದ್ದಾರೆಂದು ತೋರಿಸಿದ್ದನು. ಅದು ಮಹಾನಗರದ ಪಾಡು, ಉಳಿದ ಊರುಗಳು ಹಾಗಿರಲಾರವು ಎಂದು ಸಮಾಧಾನಪಟ್ಟುಕೊಂಡವರು ಉಂಟು. ಆ ಸಮಾಧಾನ ನಿಜವೇ ಎಂಬುದನ್ನು ತಿಳಿಯಲು ರೌಂಟ್ರೀ 1899ರಲ್ಲಿ ತನ್ನ ಊರನ್ನೇ ಪರೀಕ್ಷೆಗೆ ತೆಗೆದುಕೊಂಡನು. ಆರಿಸಿದ ಕೆಲವು ಮನೆಗಳನ್ನಲ್ಲ, ಕೂಲಿಯಿಂದ ಬದುಕುವ 11,560 ಕುಟುಂಬಗಳನ್ನೂ, ಅವುಗಳಲ್ಲಿದ್ದ 46,754 ಜನರನ್ನೂ ಅವನ ಲೆಕ್ಕ ಒಳಗೊಂಡಿತು.

ಅವನು ಕೇಳಿಕೊಂಡ ಪ್ರಶ್ನೆ ನೇರವಾದುದು. ತಂದೆ, ತಾಯಿ, ಮೂವರು ಮಕ್ಕಳುಳ್ಳ ಸಂಸಾರವೊಂದು ಮೈಯಲ್ಲಿ ದುಡಿಯುವ ಶಕ್ತಿಯನ್ನು ಉಳಿಸಿಕೊಂಡು ಬದುಕಲು ವಾರಕ್ಕೆ ಕನಿಷ್ಠ ಎಷ್ಟು ಹಣ ಬೇಕು? ಆಹಾರವಿಜ್ಞಾನಿಗಳು ಹೇಳಿದ ಕ್ಯಾಲೊರಿಗಳನ್ನು ಆಧಾರವಾಗಿಟ್ಟುಕೊಂಡು, ಪೇಟೆಯ ಅಗ್ಗದ ಬೆಲೆಗಳಲ್ಲಿ ಅವನು ಲೆಕ್ಕ ಹಾಕಿದನು. ಆಹಾರಕ್ಕೆ 12 ಷಿಲಿಂಗ್ 9 ಪೆನ್ಸ್, ಮನೆಬಾಡಿಗೆಗೆ 4 ಷಿಲಿಂಗ್, ಬಟ್ಟೆ, ಸೌದೆ, ದೀಪ ಮೊದಲಾದುವಕ್ಕೆ 4 ಷಿಲಿಂಗ್ 11 ಪೆನ್ಸ್. ಒಟ್ಟು 21 ಷಿಲಿಂಗ್ 8 ಪೆನ್ಸ್. ಈ ಪಟ್ಟಿಯಲ್ಲಿ ಏನಿತ್ತೆಂಬುದಕ್ಕಿಂತ ಏನಿರಲಿಲ್ಲವೆಂಬುದು ಹೆಚ್ಚು ಗಮನಾರ್ಹ. ಅನಾಥಾಲಯದಂತಿದ್ದ ಅಂದಿನ ದರಿದ್ರಶಾಲೆಗಳಲ್ಲಿ ಕೊಡುತ್ತಿದ್ದ ಊಟಕ್ಕಿಂತಲೂ ಈ ಊಟ ಕಡಿಮೆಯದು. ಕಟುಕನ ಅಂಗಡಿಯ ಹಸಿಮಾಂಸ ಅದರಲ್ಲಿಲ್ಲ. ಬಂಡಿಯ ಬಾಡಿಗೆಗೆ, ವೃತ್ತಪತ್ರಿಕೆಗೆ, ಊರಿಗೆ ಕಾಗದ ಬರೆಯುವ ಅಂಚೆಚೀಟಿಗೆ, ದೇವಾಲಯದ ಕಾಣಿಕೆಗೆ, ಮಗುವಿನ ಗೊಂಬೆಗೆ, ಗೋಲಿಗೆ, ಮಿಠಾಯಿಗೆ ಒಂದು ಕಾಸೂ ಇಲ್ಲ. ಇಷ್ಟನ್ನೂ ಕೈಬಿಟ್ಟ ಮೇಲೆ ಉಳಿದ ಮೊತ್ತವೇ ಆ 21 ಷಿಲಿಂಗ್ 8 ಪೆನ್ಸ್.

ಅವನು ಇಷ್ಟು ಕಠೋರನಾದದ್ದು ಬಡವರ ಮೇಲಣ ನಿರ್ದಯೆಯಿಂದಲ್ಲ. ಬಡವರು ಬಡವರಾಗಿರುವುದು ಕುಡಿತ, ಜೂಜು, ದುಂದುಗಾರಿಕೆಗಳಿಂದ ಎಂಬ ಮಾತು ಅಂದು ಉಳ್ಳವರ ಬಾಯಲ್ಲಿ ಸಲೀಸಾಗಿತ್ತು. (ಇಂದು ಅದು ಕೇಳಿಬರುವುದಿಲ್ಲವೆಂದು ಹೇಳುವಂತಿಲ್ಲ.) ಆ ಮಾತಿಗೆ ಎಡೆಯೇ ಇಲ್ಲದಂತೆ ಗೆರೆಯನ್ನು ಎಷ್ಟು ಕೆಳಕ್ಕೆ ಎಳೆಯಬಹುದೋ ಅಷ್ಟು ಕೆಳಕ್ಕೆ ಎಳೆದನು. ಒಂದು ಕಾಸನ್ನೂ ಪೋಲುಮಾಡದಿದ್ದರೂ ಯಾವ ಕುಟುಂಬದ ವರಮಾನ ಈ ಗೆರೆಯನ್ನು ಮುಟ್ಟುವುದಿಲ್ಲವೋ ಅದರ ಸ್ಥಿತಿಯನ್ನು ಪ್ರಾಥಮಿಕ ದಾರಿದ್ರ್ಯವೆಂದನು. ಹಣ ಸಾಲುವಷ್ಟಿದ್ದರೂ ಅದರ ಒಂದು ಭಾಗ ಬೇರೆ ವೆಚ್ಚಕ್ಕೆ ಹೋಗಿ ಕೊರತೆಯುಂಟಾದರೆ ಅದು ದ್ವಿತೀಯಕ ದಾರಿದ್ರ್ಯ. ಪ್ರಾಥಮಿಕ ದಾರಿದ್ರ್ಯದಲ್ಲಿದ್ದವರು 7,230 ಮಂದಿ, ದ್ವಿತೀಯಕದಲ್ಲಿ 13,072, ಒಟ್ಟು 20,302. ಇಡೀ ನಗರದ ಜನಸಂಖ್ಯೆಯಲ್ಲಿ ಇದು ಶೇಕಡಾ 27.84. ಲಂಡನ್ನಿಗೂ ಯಾರ್ಕಿಗೂ ಅಂತರ ಅಲ್ಪವೆಂದಾಯಿತು.

ಇನ್ನು ಕಾರಣಗಳು. ಪ್ರಾಥಮಿಕ ದಾರಿದ್ರ್ಯದಲ್ಲಿದ್ದವರಲ್ಲಿ ಶೇಕಡಾ 51.96ರಷ್ಟು ಮಂದಿಯ ಮನೆಯೊಡೆಯ ಕೆಲಸವಿಲ್ಲದವನಲ್ಲ, ಸೋಮಾರಿಯಲ್ಲ, ದಿನವೂ ದುಡಿಯುತ್ತಿದ್ದವನು. ಅವನ ಕೂಲಿಯೇ ಸಾಲದು. ಯಾರ್ಕಿನಲ್ಲಿ ಕಸುಬಿನ ತರಬೇತಿಯಿಲ್ಲದ ಕೂಲಿಯಾಳಿಗೆ ವಾರಕ್ಕೆ ಸಿಗುತ್ತಿದ್ದುದು ಸರಾಸರಿ 18ರಿಂದ 21 ಷಿಲಿಂಗ್. ಶೇಕಡಾ 22.16ಕ್ಕೆ ಕಾರಣ ನಾಲ್ಕಕ್ಕಿಂತ ಹೆಚ್ಚು ಮಕ್ಕಳು, ಶೇಕಡಾ 15.63ಕ್ಕೆ ದುಡಿಯುವವನ ಮರಣ. ಕೆಲಸವಿಲ್ಲದಿರುವಿಕೆ ಶೇಕಡಾ 2.31 ಮಾತ್ರ.

ಮಕ್ಕಳ ವಿಷಯದಲ್ಲಿ ಅವನ ಇನ್ನೊಂದು ಕಾಣ್ಕೆ ಹೆಚ್ಚು ಮೌಲಿಕವಾದುದು. ಬಡತನ ಕೂಲಿಯವನ ಬಾಳಿನಲ್ಲಿ ಸದಾ ಒಂದೇ ತೆರನಾಗಿರದೆ ಏರಿಳಿಯುತ್ತದೆ. ಬಾಲ್ಯದಲ್ಲಿ ಕೊರತೆ, ಅವನೂ ಒಡಹುಟ್ಟಿದವರೂ ದುಡಿಯಲಾರಂಭಿಸಿದಾಗ ಸ್ವಲ್ಪ ನೆಮ್ಮದಿ, ಮದುವೆಯಾಗಿ ಎರಡು ಮೂರು ಮಕ್ಕಳಾದೊಡನೆ ಮತ್ತೆ ಕೊರತೆ, ಆ ಮಕ್ಕಳು ಕೈಗೆ ಬಂದಾಗ ಬಿಡುವು, ಮುಪ್ಪಿನಲ್ಲಿ ಪುನಃ ಅದೇ ಪಾಡು. ಎಂದರೆ, ಮೈ ಬೆಳೆಯಬೇಕಾದ ವಯಸ್ಸೂ, ತಾಯಿ ಬಸಿರು ಬಾಣಂತನಗಳಲ್ಲಿರುವ ಕಾಲವೂ ಆ ಇಳಿತದಲ್ಲಿಯೇ ಬೀಳುತ್ತವೆ. ಯಾವುದೇ ಒಂದು ದಿನ ಎಣಿಸಿದರೆ ಸಿಗುವ ಬಡವರಿಗಿಂತ ಬಾಳಿನಲ್ಲಿ ಒಮ್ಮೆಯಾದರೂ ಬಡತನವನ್ನು ಉಂಡವರ ಸಂಖ್ಯೆ ಬಹು ದೊಡ್ಡದೆಂಬುದು ಇದರಿಂದ ಸಿದ್ಧವಾಗುತ್ತದೆ. ಆ ಕೊರತೆಯೂ ಮನೆಯೊಳಗೆ ಸಮನಾಗಿ ಹಂಚಿಹೋಗದು. ದುಡಿಯುವವನು ಬಿದ್ದರೆ ಎಲ್ಲವೂ ಬಿದ್ದಂತೆ ಎಂದು ಗಂಡಸಿಗೆ ಮೊದಲು ಬಡಿಸುತ್ತಾರೆ. ತಾಯಿ ಮಕ್ಕಳು ಉಳಿದುದನ್ನು ಉಣ್ಣುತ್ತಾರೆ. ಕಡೆಗೆ ಉಣ್ಣುವ ತಾಯಿಯನ್ನು ಕಂಡ ನಮ್ಮ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ರೌಂಟ್ರೀ ಶಾಲೆಯ ಮಕ್ಕಳನ್ನು ತೂಗಿಸಿದನು, ಅಳತೆ ಮಾಡಿಸಿದನು. 13 ವರ್ಷದ ಕಡುಬಡವರ ಹುಡುಗನು ಅನುಕೂಲಸ್ಥ ಕಾರ್ಮಿಕನ ಮಗನಿಗಿಂತ 3½ ಅಂಗುಲ ಗಿಡ್ಡನಾಗಿದ್ದನು. ಹುಟ್ಟಿದ ಸಾವಿರ ಶಿಶುಗಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು, ಅತ್ಯಂತ ಬಡ ಕೇರಿಯಲ್ಲಿ 247, ಆಳುಕಾಳುಗಳನ್ನು ಇಟ್ಟುಕೊಂಡಿದ್ದವರ ಮನೆಗಳಲ್ಲಿ 94.

ಈ ಅಧ್ಯಯನದಲ್ಲಿ ದೋಷವಿರಲಿಲ್ಲವೆಂದಲ್ಲ. ಕೂಲಿಯ ಮೊತ್ತವನ್ನು ಬಹುಮಟ್ಟಿಗೆ ಮಾಲೀಕರಿಂದ ತಿಳಿದು ಅಂದಾಜು ಮಾಡಲಾಯಿತು. ಒಟ್ಟು ಬಡವರ ಸಂಖ್ಯೆಯಾದರೋ, ಮನೆಮನೆಗೆ ಹೋದವರ ಕಣ್ಣಿಗೆ ಕೊರತೆ, ಕೊಳಕು ಕಂಡದ್ದರ ಆಧಾರದ ಮೇಲೆ ನಿರ್ಣಯವಾದುದು. ಅದರಿಂದ ಪ್ರಾಥಮಿಕದವರನ್ನು ಕಳೆದರೆ ಉಳಿದವರೇ ದ್ವಿತೀಯಕರು. ಗೆರೆಯಿಂದ ಅಳೆದದ್ದು ಪ್ರಾಥಮಿಕ ದಾರಿದ್ರ್ಯವನ್ನು ಮಾತ್ರ. ಎರಡನ್ನೂ ಒಂದೇ ಅಳತೆಯೆಂದು ಬರೆಯುವವರು ಇದನ್ನು ಮರೆಯುತ್ತಾರೆ.

1936ರಲ್ಲಿ ಅವನು ಮತ್ತೆ ಯಾರ್ಕನ್ನು ಅಳೆದಾಗ ಗೆರೆಯನ್ನು ತಾನೇ ಮೇಲಕ್ಕೆ ಸರಿಸಿದನು. ಮನುಷ್ಯನಿಗೆ ವೃತ್ತಪತ್ರಿಕೆಯೂ ರೇಡಿಯೋವೂ ಬೇಕೆಂದು ಒಪ್ಪಿದನು. ಕಾರ್ಮಿಕವರ್ಗದಲ್ಲಿ ಶೇಕಡಾ 31.1 ಮಂದಿ ಅದರ ಕೆಳಗಿದ್ದರು. 1950ರ ಮೂರನೆಯ ಸಮೀಕ್ಷೆಯಲ್ಲಿ ಅದು ಶೇಕಡಾ 2.77ಕ್ಕೆ ಇಳಿದಂತೆ ಕಂಡಿತು. ಬಡತನ ಮುಗಿದೇಹೋಯಿತೆಂದು ಹಲವರು ನಂಬಿದರು. ಅಂದಿನ ಕಾಗದಪತ್ರಗಳನ್ನು ಮುಂದೆ ಮರುಪರಿಶೀಲಿಸಿದ ಅರ್ಥಶಾಸ್ತ್ರಜ್ಞರು ಆ ಇಳಿಕೆ ಅತಿಶಯವಾಗಿತ್ತೆಂದು ತೋರಿಸಿದರು. 1965ರಲ್ಲಿ ಏಬಲ್-ಸ್ಮಿತ್ ಮತ್ತು ಟೌನ್‌ಸೆಂಡ್ ಎಂಬ ವಿದ್ವಾಂಸರು ಬಡ ಮಕ್ಕಳು ಇನ್ನೂ ಬಹುಸಂಖ್ಯೆಯಲ್ಲಿದ್ದಾರೆಂದು ಪ್ರಕಟಿಸಿದ ಮೇಲೆ ಪ್ರಶ್ನೆ ಮತ್ತೆ ಜೀವ ತಳೆಯಿತು.

ಲೆಕ್ಕ ಕಾಯಿದೆಯಾದುದು ಎಲೀನರ್ ರಾತ್‌ಬೋನ್ ಎಂಬಾಕೆಯ ಪ್ರಯತ್ನದಿಂದ. ಕೂಲಿಯನ್ನು ಕೆಲಸ ನೋಡಿ ಕೊಡುತ್ತಾರೆಯೇ ಹೊರತು ಮನೆಯ ಮಕ್ಕಳನ್ನು ಎಣಿಸಿ ಕೊಡುವುದಿಲ್ಲ. ಆದುದರಿಂದ ಮಕ್ಕಳ ಪೋಷಣೆಗೆ ಸರ್ಕಾರ ಬೇರೆಯಾಗಿಯೇ ಹಣ ಕೊಡಬೇಕೆಂದು ಆಕೆ 1924ರಿಂದಲೂ ಗ್ರಂಥಮುಖೇನ ವಾದಿಸಿದಳು. (ಭಾರತದ ಬಾಲ್ಯವಿವಾಹವನ್ನು ಖಂಡಿಸಿ 1934ರಲ್ಲಿ ಪುಸ್ತಕ ಬರೆದವಳೂ ಈಕೆಯೇ.) 1945ರಲ್ಲಿ ಕಾಯಿದೆ ಬಂತು, ಎರಡನೆಯ ಮಗುವಿನಿಂದ ಮುಂದಕ್ಕೆ ತಲಾ ವಾರಕ್ಕೆ 5 ಷಿಲಿಂಗ್. ಮಸೂದೆಯಲ್ಲಿ ಹಣ ತಂದೆಗೆಂದಿತ್ತು. ಆಕೆ ಹೋರಾಡಿ ಅದನ್ನು ತಾಯಿಯ ಕೈಗೆ ಬರುವಂತೆ ಮಾಡಿದಳು. 1946ರ ಆಗಸ್ಟ್‌ನಲ್ಲಿ ಹಣ ಬಟವಾಡೆಯಾಗುವ ವೇಳೆಗೆ ಆಕೆ ಬದುಕಿರಲಿಲ್ಲ. 2023ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯ ಯಜಮಾನಿಯ ಹೆಸರಿಗೆ ತಿಂಗಳಿಗೆ 2,000 ರೂಪಾಯಿಗಳನ್ನು ಗೊತ್ತುಪಡಿಸಿದಾಗ ಅದರ ಹಿಂದಿದ್ದುದೂ ಇದೇ ವಿವೇಕ.

ಭಾರತದಲ್ಲಿ ಇಂತಹ ಲೆಕ್ಕ ರೌಂಟ್ರೀಗಿಂತಲೂ ಹಿಂದಿನದು. 1870ರ ದಶಕದಲ್ಲಿಯೇ ದಾದಾಭಾಯಿ ನೌರೋಜಿಯವರು ಸೆರೆಮನೆಯ ಕೈದಿಗೆ ಕೊಡುವ ಪಡಿಯ ಬೆಲೆಯನ್ನು ಮುಂದಿಟ್ಟು, ರೈತನ ವರಮಾನ ಅಷ್ಟಕ್ಕೂ ಸಾಲದೆಂದು ಪ್ರತಿಪಾದಿಸಿದರು. ಸ್ವಾತಂತ್ರ್ಯಾನಂತರ 1971ರಲ್ಲಿ ದಾಂಡೇಕರ್ ಮತ್ತು ರಥ್ ಅವರು 2,250 ಕ್ಯಾಲೊರಿಗಳನ್ನು ಆಧಾರವಾಗಿ ಹಿಡಿದರು. 1979ರಲ್ಲಿ ಯೋಜನಾ ಆಯೋಗದ ತಂಡವು ಹಳ್ಳಿಗೆ 2,400, ಪಟ್ಟಣಕ್ಕೆ 2,100 ಎಂದಿತು. ಆದರೆ ಇವೆಲ್ಲ ತಲಾ ಸರಾಸರಿಗಳು. ಮನೆಯ ಒಟ್ಟು ವೆಚ್ಚವನ್ನು ತಲೆಗಳಿಂದ ಭಾಗಿಸಿದರೆ ಕಡೆಯ ಪಂಕ್ತಿಯಲ್ಲಿ ಕುಳಿತವರ ತಟ್ಟೆಯಲ್ಲಿ ಎಷ್ಟು ಬಿತ್ತೆಂಬುದು ಕಾಣದು. ಅದನ್ನು ಕಾಣಬೇಕಾದರೆ ಮಗುವನ್ನೇ ಅಳೆಯಬೇಕು. 1992–93ರಿಂದ ನಡೆದುಬಂದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಈ ಅಳತೆ ಸೇರಿದೆ. 2019–21ರ ಐದನೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು; ಇಡೀ ದೇಶದಲ್ಲಿ ಶೇಕಡಾ 35.5.