ಕಾರಿನ ಬ್ಯಾಟರಿಗೆ ನಾಡಿಪರೀಕ್ಷೆ

ನಿಂತ ಕಾರನ್ನು ಹೊರಡಿಸಲೆಂದು ಬೀಗದಕೈ ತಿರುಗಿಸಿದಾಗ ಎಂಜಿನ್ ತಿರುಗದೆ ಬರಿಯ ‘ಟಕ್’ ಎಂಬ ಸದ್ದು ಕೇಳಿಬಂದರೆ, ಬ್ಯಾಟರಿ ಸತ್ತಿತೆಂದು ನಾವು ಕೂಡಲೆ ತೀರ್ಮಾನಿಸಿಬಿಡುತ್ತೇವೆ. ಹಣ ತೆತ್ತು ಹೊಸದನ್ನು ತಂದು ಕೂಡಿಸಿದ ಕೆಲವೇ ದಿನಗಳಲ್ಲಿ ಅದೂ ಮೌನ ತಾಳುವುದುಂಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು! ದೋಷವು ಬ್ಯಾಟರಿಯಲ್ಲಿರಬಹುದು, ಅದಕ್ಕೆ ವಿದ್ಯುತ್ತನ್ನು ಊಡುವ ಆಲ್ಟರ್ನೇಟರಿನಲ್ಲಿರಬಹುದು, ಇಲ್ಲವೆ ನಡುವಣ ತಂತಿಗಳಲ್ಲಿರಬಹುದು. ಇವುಗಳಲ್ಲಿ ಯಾವುದೆಂಬುದನ್ನು ಒಂದು ಸಾಧಾರಣ ಮಲ್ಟಿಮೀಟರಿನ ನೆರವಿನಿಂದ ಮನೆಯಲ್ಲಿಯೇ ಅರಿಯಬಹುದು.

ಸೀಸ ಮತ್ತು ಆಮ್ಲಗಳ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ನಿರ್ಮಿಸಿದನು. ಇಂದಿಗೂ ಬಹುತೇಕ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲಿರುವುದು ಅದರ ಸಂತತಿಯೇ. ಸೀಸದ ಋಣಫಲಕ, ಸೀಸದ ಡೈಆಕ್ಸೈಡಿನ ಧನಫಲಕ, ಇವೆರಡನ್ನೂ ತೋಯಿಸುವ ಸಾರರಿಕ್ತ ಗಂಧಕಾಮ್ಲ, ಇಷ್ಟು ಸೇರಿ ಒಂದು ಕೋಶ. ಒಂದು ಕೋಶದ ವಿದ್ಯುಚ್ಚಾಲಕ ಬಲ ಸುಮಾರು 2.1 ವೋಲ್ಟ್. ಇಂತಹ ಆರು ಕೋಶಗಳ ಸರಣಿಯೇ ನಾವು ‘12 ವೋಲ್ಟ್’ ಎಂದು ಕರೆಯುವ ಬ್ಯಾಟರಿ. ವಿದ್ಯುತ್ತನ್ನು ಕೊಡುವಾಗ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲ ತೆಳುವಾಗುತ್ತದೆ. ವಿದ್ಯುತ್ತನ್ನು ಹಿಂದಕ್ಕೆ ಹಾಯಿಸಿದರೆ ಈ ಕ್ರಿಯೆ ಹಿಮ್ಮೊಗವಾಗುತ್ತದೆ.

ಮೊದಲನೆಯ ಅಳತೆಯನ್ನು ಕಾರು ಕೆಲವು ಗಂಟೆಗಳ ಕಾಲ ವಿಶ್ರಮಿಸಿದ ಮೇಲೆ ಮಾಡಬೇಕು. ಎಲ್ಲ ದೀಪಗಳನ್ನೂ ಆರಿಸಿ, ಮೀಟರನ್ನು ನೇರ ವೋಲ್ಟೇಜಿನ ಅಳತೆಗೆ ಇಟ್ಟು, ಬ್ಯಾಟರಿಯ ಎರಡು ಅಗ್ರಗಳಿಗೆ ಮುಟ್ಟಿಸಬೇಕು. ಸುಮಾರು 12.6 ವೋಲ್ಟ್ ಕಂಡರೆ ಬ್ಯಾಟರಿ ತುಂಬಿದೆ, 12.2 ಕಂಡರೆ ಅರ್ಧದಷ್ಟಿದೆ. 12ಕ್ಕೂ ಕೆಳಗಿಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಹಾಗಿದ್ದಲ್ಲಿ ಮೊದಲು ಅದನ್ನು ಹೊರಗಿನಿಂದ ತುಂಬಿಸಿಯೇ ಮುಂದುವರಿಯಬೇಕು.

ಆದರೆ 12.6 ವೋಲ್ಟ್ ತೋರಿದ ಮಾತ್ರಕ್ಕೆ ಬ್ಯಾಟರಿ ಆರೋಗ್ಯವಾಗಿದೆಯೆನ್ನಲಾಗದು. ಮೀಟರು ಸೆಳೆಯುವ ಪ್ರವಾಹ ಅತ್ಯಲ್ಪವಾದುದರಿಂದ ಅದು ವಿದ್ಯುಚ್ಚಾಲಕ ಬಲವನ್ನಷ್ಟೇ ತೋರಿಸುತ್ತದೆ; ಒಳಗಿನ ರೋಧವನ್ನು ತೋರಿಸದು. ಸ್ಟಾರ್ಟರ್ ಮೋಟಾರಾದರೋ ಚಿಕ್ಕ ಕಾರಿನಲ್ಲಿಯೂ ನೂರಕ್ಕೂ ಹೆಚ್ಚು ಆಂಪೇರುಗಳನ್ನು ಬೇಡುತ್ತದೆ. ಪ್ರವಾಹ 150 ಆಂಪೇರ್, ಆಂತರಿಕ ರೋಧ 0.01 ಓಂ ಎಂದು ಭಾವಿಸೋಣ. ಒಳಗೇ ನಷ್ಟವಾಗುವುದು 1.5 ವೋಲ್ಟ್, ಹೊರಗೆ 11.1 ಉಳಿಯುತ್ತದೆ. ಫಲಕಗಳು ಸವೆದು ರೋಧವು 0.03 ಓಮಿಗೆ ಏರಿದರೆ, ಅಷ್ಟೇ ಪ್ರವಾಹಕ್ಕೆ 4.5 ವೋಲ್ಟ್ ನಷ್ಟವಾಗಿ 8.1 ಮಾತ್ರ ಉಳಿಯುತ್ತದೆ. ಪಾಠಪುಸ್ತಕದ ಒಂದು ಸಣ್ಣ ಸೂತ್ರ ಇಲ್ಲಿ ವೈದ್ಯನ ಕೆಲಸ ಮಾಡುತ್ತದೆ.

ಆದುದರಿಂದ ಎರಡನೆಯ ಅಳತೆಯನ್ನು ಎಂಜಿನ್ ಹೊರಡಿಸುವ ಕ್ಷಣದಲ್ಲಿಯೇ ಮಾಡಬೇಕು. ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕೈಬ್ರೇಕು ಹಾಕಿ, ಇನ್ನೊಬ್ಬರು ಬೀಗದಕೈ ತಿರುಗಿಸುವಾಗ ನಾವು ಮೀಟರನ್ನು ನೋಡಬೇಕು. ತುಂಬಿದ ಬ್ಯಾಟರಿಯೂ 9.6 ವೋಲ್ಟಿಗಿಂತ ಕೆಳಗೆ ಕುಸಿದರೆ ಅದರ ಆಯುಸ್ಸು ತೀರಿತೆಂದು ಶಂಕಿಸಬಹುದು. ಅಗ್ರಗಳಲ್ಲಿ 11 ವೋಲ್ಟ್ ಇದ್ದೂ ಮೋಟಾರು ತಿರುಗದಿದ್ದರೆ ದೋಷ ಬೇರೆಡೆಯಲ್ಲಿದೆ. ಆಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಅಗ್ರಕ್ಕೂ ಮತ್ತೊಂದನ್ನು ಅದನ್ನು ಹಿಡಿದಿರುವ ತಂತಿಯ ಹಿಡಿಕೆಗೂ ಒತ್ತಿ ಪುನಃ ಪರೀಕ್ಷಿಸಬೇಕು. ಅಲ್ಲಿ ಅರ್ಧ ವೋಲ್ಟ್ ಕಂಡರೂ ಸಂಪರ್ಕ ಕೆಟ್ಟಿದೆಯೆಂದೇ ಅರ್ಥ. ಅಡುಗೆ ಸೋಡದ ನೀರಿನಿಂದ ಬಿಳಿಯ ಕಿಟ್ಟವನ್ನು ತೊಳೆದು, ಉಜ್ಜಿ ಒಣಗಿಸಿ, ಬಿಗಿದರೆ ಸಾಕು. ಹೊಸ ಬ್ಯಾಟರಿ ಬೇಕಿಲ್ಲ.

ಮೂರನೆಯ ಅಳತೆ ಎಂಜಿನ್ ಓಡುತ್ತಿರುವಾಗ. ಈಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಕಾಣಬೇಕು. ವಿಶ್ರಾಂತಿಯ ವೋಲ್ಟೇಜಿಗಿಂತ ಏರದೆ, ದೀಪಗಳನ್ನು ಬೆಳಗಿಸಿದಂತೆ ಇನ್ನೂ ಇಳಿಯುತ್ತಿದ್ದರೆ, ಆಲ್ಟರ್ನೇಟರು, ಅದರ ಬೆಲ್ಟು ಅಥವಾ ತಂತಿಗಳೇ ಅಪರಾಧಿಗಳು. 15ನ್ನು ಮೀರಿ ನಿಂತರೆ ನಿಯಂತ್ರಕ ಕೆಟ್ಟಿರಬಹುದು. ಆಮ್ಲದೊಳಗಿನ ನೀರು ಒಡೆದು ಜಲಜನಕವೂ ಆಮ್ಲಜನಕವೂ ಆಗಿ ಹಾರಿಹೋಗುತ್ತದೆ. ಕೆಲವು ಹೊಸ ಕಾರುಗಳಲ್ಲಿ ಗಣಕವೇ ಈ ವೋಲ್ಟೇಜನ್ನು ಏರಿಳಿಸುವುದರಿಂದ ಒಂದೇ ಅಳತೆಯನ್ನು ನಂಬಬಾರದು.

ಮೂರೂ ಸರಿಯಿದ್ದು ಬ್ಯಾಟರಿ ರಾತ್ರೋರಾತ್ರಿ ಬರಿದಾಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ಡಿಕ್ಕಿಯಲ್ಲಿ ಆರದೆ ಉಳಿದ 5 ವ್ಯಾಟಿನ ದೀಪ ಸುಮಾರು 0.4 ಆಂಪೇರ್ ಸೆಳೆಯುತ್ತದೆ. ದಿನವೊಂದಕ್ಕೆ 10 ಆಂಪೇರ್-ಗಂಟೆ. 35 ಆಂಪೇರ್-ಗಂಟೆಯ ಬ್ಯಾಟರಿ ಮೂರೂವರೆ ದಿನಗಳಲ್ಲಿ ಖಾಲಿ!

ಇನ್ನು ಎಚ್ಚರಿಕೆಯ ಮಾತು. ಬ್ಯಾಟರಿಯಿಂದ ಹೊಮ್ಮುವ ಜಲಜನಕ ಸಣ್ಣ ಕಿಡಿಗೂ ಸಿಡಿಯಬಲ್ಲದು. ಬಳಿಯಲ್ಲಿ ಬೆಂಕಿ ಕೂಡದು, ಕಣ್ಣಿಗೆ ಕನ್ನಡಕವಿರಲಿ, ಕೈಯ ಉಂಗುರ ಬಳೆಗಳನ್ನು ತೆಗೆದಿಡಬೇಕು. ಬಿಚ್ಚುವಾಗ ಋಣಾಗ್ರದ ತಂತಿ ಮೊದಲು, ಜೋಡಿಸುವಾಗ ಅದೇ ಕೊನೆಗೆ; ಏಕೆಂದರೆ ಕಾರಿನ ಲೋಹದ ಮೈಯೆಲ್ಲ ಋಣಾಗ್ರಕ್ಕೆ ಕೂಡಿರುತ್ತದೆ. ಮೀಟರನ್ನು ಆಂಪೇರಿನ ಅಳತೆಗಿಟ್ಟು ಅಗ್ರಗಳಿಗೆ ಎಂದಿಗೂ ಮುಟ್ಟಿಸಬಾರದು. ವಿದ್ಯುತ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ಪ್ರಾಣಾಪಾಯದ ವೋಲ್ಟೇಜಿರುತ್ತದೆ; ಅವುಗಳ ಗೊಡವೆಗೆ ಹೋಗಲೇಬಾರದು.

ವಿಶ್ರಾಂತಿಯಲ್ಲಿ ಒಮ್ಮೆ, ದುಡಿಮೆಯಲ್ಲಿ ಒಮ್ಮೆ, ಊಟದ ವೇಳೆಯಲ್ಲಿ ಒಮ್ಮೆ: ಹೀಗೆ ಮೂರು ಬಾರಿ ನಾಡಿ ಹಿಡಿದ ಮೇಲೆಯೇ ರೋಗದ ಹೆಸರು ಹೇಳುವುದು ಯೋಗ್ಯ. ಅಳೆದು ಅರಿತವನ ಹಣವೂ ಉಳಿಯುತ್ತದೆ, ಅವನು ಓದಿದ ಭೌತಶಾಸ್ತ್ರವೂ ಕೈಗೆ ಬರುತ್ತದೆ.