ನಿಮಗಿದು ಗೊತ್ತೆ? ಮೆದುಳಿನ ಹೊರಪದರವೇ ಕೆಳಗಿನವರ ಶ್ರುತಿ ತಿದ್ದುತ್ತದೆ

ಕಿವಿಗೆ ಬಿದ್ದ ಸದ್ದು ಮೆದುಳಕಾಂಡ, ನಡುಮೆದುಳು, ಥಲಾಮಸ್ ದಾಟಿ ಕಾರ್ಟೆಕ್ಸ್ ಎಂಬ ಹೊರಪದರ ಸೇರುತ್ತದೆ ಎಂದು ಓದಿರುತ್ತೀರಿ. ಅದು ಅರ್ಧ ಸತ್ಯ. ಹೊರಪದರದಿಂದ ಕೆಳಕ್ಕಿಳಿಯುವ ನರತಂತುಗಳೂ ಹೇರಳವಾಗಿವೆ, ಅವು ಬರೀ ಅಲಂಕಾರಕ್ಕಿಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನೊಬುವೊ ಸುಗ ಮತ್ತು ಸಂಗಡಿಗರು ಮೀಸೆ ಬಾವಲಿಯ ಹೊರಪದರದಲ್ಲಿ ಒಂದೇ ಆವರ್ತನಕ್ಕೆ ಸ್ಪಂದಿಸುವ ಪುಟ್ಟ ಜಾಗವನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸಿದರು. ಆಗ ಆಳದಲ್ಲಿ ಅದೇ ಆವರ್ತನದ ನರಕೋಶಗಳ ಸ್ಪಂದನ ತಗ್ಗಿತು. ಬೇರೆ ಆವರ್ತನದವುಗಳ ಸ್ಪಂದನ ಹೆಚ್ಚಿತು, ಅವುಗಳ ಶ್ರುತಿಯೂ ಆ ಮೌನಗೊಂಡ ಆವರ್ತನದತ್ತ ಸರಿಯಿತು. 1997ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥ ಸ್ಪಷ್ಟ: ಏನನ್ನು ಎಷ್ಟು ಕೇಳಬೇಕೆಂಬ ಆಯ್ಕೆ ಸದ್ದು ಮೇಲಕ್ಕೆ ತಲುಪುವ ಮೊದಲೇ ಶುರುವಾಗಿರುತ್ತದೆ.

ಪ್ರಯೋಗಾಲಯದಲ್ಲಿ ಮದ್ದು ಹಾಕಿ ಕೋಶಗಳನ್ನು ಮಲಗಿಸಿದರೆ ಏನಾದರೂ ಆಗಲೇಬೇಕಲ್ಲ, ನಿಜಜೀವನದಲ್ಲಿ ಇದರ ಉಪಯೋಗವೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಉತ್ತರ 2010ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂತು. ಫೆರೆಟ್ ಎಂಬ ಪ್ರಾಣಿಯ ಒಂದು ಕಿವಿಗೆ ಬಿರಡೆ ಹಾಕಿದರೆ ಅದು ಸದ್ದಿನ ದಿಕ್ಕು ಗುರುತಿಸುವಲ್ಲಿ ತಪ್ಪುತ್ತದೆ. ಕೆಲವು ದಿನಗಳ ಅಭ್ಯಾಸದಿಂದ ಅದು ಮತ್ತೆ ಕಲಿಯುತ್ತದೆ. ಹೊರಪದರದಿಂದ ನಡುಮೆದುಳಿಗಿಳಿಯುವ ಕೋಶಗಳನ್ನಷ್ಟೇ ನಾಶ ಮಾಡಿದಾಗ, ಬಿರಡೆಯಿಲ್ಲದೆ ದಿಕ್ಕು ಗುರುತಿಸುವುದಕ್ಕೆ ತೊಂದರೆಯಾಗಲಿಲ್ಲ, ಆದರೆ ಈ ಮರುಕಲಿಕೆ ಕುಂಠಿತವಾಯಿತು. ಹಾಗೆಂದು ಹೊರಪದರವನ್ನು ಸರ್ವಾಧಿಕಾರಿ ಎನ್ನಬೇಕಿಲ್ಲ: ಪಟಾಕಿ ಸಿಡಿದಾಗ ಬೆಚ್ಚಿಬೀಳಲು ಮೆದುಳಕಾಂಡ ಅದರ ಅಪ್ಪಣೆಗೆ ಕಾಯುವುದಿಲ್ಲ.